ಮೂತಿ ಬಿಡಿ, ನಡು ನೋಡಿ: ಸಿನಿಮಾದಲ್ಲಿ ಕಾಣುವ ಹಳೆ ಬ್ರಿಟಿಷ್ ಕಾರನ್ನು ಗುರುತಿಸುವ ಬಗೆ

ಒಂದು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಹಳೆ ಬ್ರಿಟಿಷ್ ಸಿನಿಮಾ ಹಾಕಿದ್ದೆವು. ಕಪ್ಪು ಬಿಳುಪು, ಒದ್ದೆ ಬೀದಿ, ಟೋಪಿ ಹಾಕಿದ ಪತ್ತೇದಾರ. ಮೂಲೆಯಿಂದ ಒಂದು ಕಾರು ತಿರುಗಿ ಬಂತು. ಚಿಕ್ಕಪ್ಪ ಕೂತಲ್ಲಿಂದಲೇ "ಏ, ನಮ್ಮ ಅಂಬಾಸಿಡರ್ ಕಣೋ!" ಅಂದರು. ಮೈಸೂರಿನಲ್ಲಿ ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು ಅವರು. ನಾನು ಪಾಜ್ ಒತ್ತಿದೆ. ಬಾಗಿಲು ಅದೇ, ಟಾಪು ಅದೇ, ಕಿಟಕಿಯ ಸಾಲೂ ಅದೇ. ಆದರೆ ಮೂತಿ ಯಾಕೋ ಉದ್ದ. ಚಿಕ್ಕಪ್ಪನಿಗೂ ಅನುಮಾನ ಬಂತು. "ಇದೇನೋ ಇಷ್ಟುದ್ದ ಬಾನೆಟ್ಟು?"

ಅದು ಮಾರಿಸ್ ಐಸಿಸ್. ನಮ್ಮ ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನುವ ಕಾರಿನಿಂದ. ಅದೇ ಬಾಡಿಗೆ ನಾಲ್ಕು ಸಿಲಿಂಡರಿನ ಬದಲು ಆರು ಸಿಲಿಂಡರಿನ ಎಂಜಿನ್ ಕೂರಿಸಿ, ಅದಕ್ಕೆ ಜಾಗ ಸಾಲದೆ ಮುಂಭಾಗ ಉದ್ದ ಮಾಡಿದ್ದೇ ಐಸಿಸ್. ಹಾಗಾಗಿ ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ. ಅದಕ್ಕಿಂತ ಮುಖ್ಯವಾಗಿ, ಅವರ ಕಣ್ಣು ಹೋಗಿದ್ದು ಸರಿಯಾದ ಜಾಗಕ್ಕೆ. ಹೆಚ್ಚಿನವರು ಮೊದಲು ಮೂತಿ ನೋಡುತ್ತಾರೆ, ಅದರ ಮೇಲಿನ ಲಾಂಛನ ನೋಡುತ್ತಾರೆ, ಅಲ್ಲೇ ಎಡವುತ್ತಾರೆ. ಅವರು ನೋಡಿದ್ದು ಕಾರಿನ ನಡು.

ನಡು ಯಾಕೆ ಅಂದರೆ, ಬಾಗಿಲು, ಟಾಪು, ಗಾಜಿನ ಚೌಕಟ್ಟು ಇವೆಲ್ಲ ಉಕ್ಕಿನ ತಗಡನ್ನು ದೊಡ್ಡ ದೊಡ್ಡ ಡೈಗಳ, ಅಂದರೆ ಅಚ್ಚುಗಳ, ನಡುವೆ ಇಟ್ಟು ಒತ್ತಿ ತೆಗೆದದ್ದು. ಆ ಡೈ ಮಾಡಿಸುವುದು ವಿಪರೀತ ಖರ್ಚಿನ ಬಾಬತ್ತು. ಒಮ್ಮೆ ಮಾಡಿಸಿದರೆ ಕಂಪನಿ ಅದನ್ನು ಸವೆಯುವವರೆಗೂ ಬಳಸುತ್ತದೆ. ಗ್ರಿಲ್, ಬಂಪರ್, ಲೈಟು, ಕ್ರೋಮ್ ಪಟ್ಟಿಗಳದ್ದು ಹಾಗಲ್ಲ. ನಾಲ್ಕು ಬೋಲ್ಟು ಬಿಚ್ಚಿ ಬೇರೆ ಕೂರಿಸಿದರೆ ಮುಗೀತು. "ಹೊಸ ಮಾಡೆಲ್ ಬಂದಿದೆ" ಅಂತ ಜಾಹೀರಾತು ಕೊಡಬೇಕಾದಾಗಲೆಲ್ಲ ಮುಖ ಬದಲಾಗುತ್ತದೆ, ನಡು ಹಾಗೇ ಇರುತ್ತದೆ. ಅಂಬಾಸಿಡರನ್ನೇ ನೋಡಿ. 1950ರ ದಶಕದ ಕೊನೆಯಿಂದ 2014ರ ತನಕ ಎಷ್ಟು ಸಲ ಗ್ರಿಲ್ ಬದಲಾಯಿಸಿದರು! ಆದರೂ ದೂರದಿಂದ ಪಕ್ಕದ ನೋಟ ಕಂಡರೆ ಸಾಕು, ಇಡೀ ದೇಶಕ್ಕೆ ಅದು ಅಂಬಾಸಿಡರ್.

ಹೆಣ್ಣು ಗಂಡು ನೋಡುವಾಗ ಹಿರಿಯರು ಮನೆತನ ಕೇಳಿ, ಆಮೇಲೆ ಹೆಸರು ಕೇಳಿ, ಕೊನೆಗೆ ಹುಟ್ಟಿದ ವರ್ಷ ಕೇಳುತ್ತಾರಲ್ಲ, ಇಲ್ಲೂ ಅದೇ ವರಸೆ. ನಡು ಮನೆತನ ಹೇಳುತ್ತದೆ. ಮುಖ ಹೆಸರು ಹೇಳುತ್ತದೆ. ವರ್ಷಕ್ಕೆ ನಂಬರ್ ಪ್ಲೇಟು ಇದೆ.

ಮುಂದೆ ಹೋಗುವ ಮುಂಚೆ ಎರಡು ಪದಗಳ ವಿಚಾರ. ಸಲೂನ್ ಅಂದರೆ ನಮಗೆ ಕಟಿಂಗ್ ಶಾಪು. ಬ್ರಿಟಿಷರಿಗೆ ಅದು ಮುಚ್ಚಿದ ಟಾಪಿನ, ಸಾಮಾನ್ಯವಾಗಿ ಹಿಂದೆ ಡಿಕ್ಕಿ ಇರುವ ಕುಟುಂಬದ ಕಾರು. ನಾವು ಸೆಡಾನ್ ಅನ್ನುತ್ತೇವೆ. ಇನ್ನು ವಿಂಟೇಜ್. ನಾವು ಹಳೆಯದಕ್ಕೆಲ್ಲ ವಿಂಟೇಜ್ ಅಂದುಬಿಡುತ್ತೇವೆ. ಬ್ರಿಟನ್ನಿನ ಹಳೆ ಕಾರಿನವರು ಇದರಲ್ಲಿ ಮಡಿವಂತರು. ಅವರ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದದ್ದಷ್ಟೇ ವಿಂಟೇಜ್. 1960ರ ಜಾಗ್ವಾರನ್ನು ವಿಂಟೇಜ್ ಅಂದರೆ ಮುಖ ಸಿಂಡರಿಸುತ್ತಾರೆ, ಅವರಿಗೆ ಅದು ಕ್ಲಾಸಿಕ್. ತೆರೆಯ ಮೇಲೆ ಜಾಸ್ತಿ ಕಾಣುವುದು ಈ ಕ್ಲಾಸಿಕ್ಕುಗಳೇ. ನಾನು ನಮ್ಮ ರೂಢಿಯಲ್ಲೇ ಮಾತಾಡುತ್ತೇನೆ.

ಯುದ್ಧಕ್ಕೆ ಮುಂಚಿನ ಕಾರುಗಳನ್ನು ಬೇಗ ಮುಗಿಸೋಣ. ಹೆಡ್‌ಲೈಟು ಬಾಡಿಯೊಳಗೆ ಸೇರದೆ ಪ್ರತ್ಯೇಕವಾಗಿ ನಿಂತಿದೆಯಾ? ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಪಟ್ಟಿ ಇದೆಯಾ? ಮಡ್‌ಗಾರ್ಡು ಬೇರೆಯೇ ಅಂಗದ ಥರ ಉಬ್ಬಿಕೊಂಡಿದೆಯಾ? ಹಾಗಿದ್ದರೆ ವಿನ್ಯಾಸ 1930ರ ದಶಕದ್ದು ಅಥವಾ ಅದಕ್ಕೂ ಹಿಂದಿನದು. ಹೆಡ್‌ಲೈಟಿಗೆ ಮುಸುಕು ಹಾಕಿ, ಮಡ್‌ಗಾರ್ಡಿನ ಅಂಚಿಗೆ ಬಿಳಿ ಬಣ್ಣ ಬಳಿದಿದ್ದರೆ ಕಥೆ ನಡೆಯುವುದು ಯುದ್ಧದ ಕಾಲದಲ್ಲಿ. ವಿಮಾನದಾಳಿಯ ಭಯಕ್ಕೆ ಬೀದಿ ದೀಪ ಆರಿಸಿದ್ದ ದಿನಗಳು ಅವು, ಕತ್ತಲಲ್ಲಿ ಕಾರು ಜನರ ಕಣ್ಣಿಗೆ ಬೀಳಲಿ ಅಂತ ಆ ಬಿಳಿ ಅಂಚು. ಯುದ್ಧ ಮುಗಿದ ಕೂಡಲೇ ಹೊಸ ಕಾರುಗಳೇನೂ ಬರಲಿಲ್ಲ. ಮೊದಲೆರಡು ವರ್ಷ ಕಂಪನಿಗಳು ಹೆಚ್ಚಾಗಿ ಹಳೆ ವಿನ್ಯಾಸಗಳನ್ನೇ ಮತ್ತೆ ಮಾಡಿದವು. ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮಾರಿಸ್ ಮೈನರ್ ಕಾಣಿಸಿಕೊಂಡಿದ್ದು 1948ರಲ್ಲಿ. 1945ರ ಕಥೆಯ ಬೀದಿಯಲ್ಲಿ ಮೈನರ್ ನಿಂತಿದ್ದರೆ ಕಲಾ ನಿರ್ದೇಶಕರು ತೂಕಡಿಸಿದ್ದಾರೆ ಅಂತಲೇ ಅರ್ಥ.

ಈ ಮೈನರ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಕಾರು ಇಲ್ಲ. ವಿನ್ಯಾಸ ಮಾಡಿದವರು ಅಲೆಕ್ ಇಸಿಗೋನಿಸ್, ಮುಂದೆ ಮಿನಿಯನ್ನೂ ಮಾಡಿದ ಅದೇ ಮನುಷ್ಯ. ಮಾದರಿ ಕಾರು ತಯಾರಾದ ಮೇಲೆ ಅವರಿಗೆ ಅದು ಯಾಕೋ ಸಪೂರ ಅನ್ನಿಸಿತು. ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿದರು. ಹೋಳುಗಳನ್ನು ಆಚೀಚೆ ಸರಿಸಿ ನೋಡಿ, ನಾಲ್ಕು ಇಂಚು ಅಗಲ ಮಾಡಿದಾಗ ಸರಿ ಕಂಡಿತು. ಆ ನಾಲ್ಕು ಇಂಚಿನ ಗುರುತು ಇವತ್ತಿಗೂ ಇದೆ. ಮೈನರಿನ ಬಾನೆಟ್ ಮಧ್ಯೆ ಉದ್ದಕ್ಕೆ ಒಂದು ಚಪ್ಪಟೆ ಪಟ್ಟಿ ಓಡುತ್ತದೆ, ನೋಡಿ. ಅಷ್ಟರಲ್ಲಿ ಬಂಪರುಗಳು ತಯಾರಾಗಿಬಿಟ್ಟಿದ್ದವು. ಅವನ್ನೂ ಮಧ್ಯೆ ಕತ್ತರಿಸಿ ಒಂದು ತುಂಡು ಸೇರಿಸಿದರು. ಆರಂಭದ ಕಾರುಗಳ ಬಂಪರಿನಲ್ಲಿ ಆ ತೇಪೆ ಕಾಣುತ್ತದೆ.

ವರ್ಷ ಹೇಳುವುದರಲ್ಲೂ ಮೈನರ್ ಉದಾರಿ. ಹೆಡ್‌ಲೈಟು ಕೆಳಗೆ, ಗ್ರಿಲ್ಲಿನ ಪಕ್ಕದಲ್ಲೇ ಇದ್ದರೆ ಮೊದಲ ಕಂತಿನದು. 1950ರ ದಶಕದ ಶುರುವಿನ ಹೊತ್ತಿಗೆ ಲೈಟು ಮಡ್‌ಗಾರ್ಡಿನ ಮೇಲಕ್ಕೆ ಹತ್ತಿತು. ಮುಂದಿನ ಗಾಜು ಎರಡು ತುಂಡಾಗಿದ್ದು ನಡುವೆ ಕಡ್ಡಿ ಇದ್ದರೆ 1956ಕ್ಕೆ ಮುಂಚಿನದು, ಒಂದೇ ಬಾಗಿದ ಗಾಜಾದರೆ ಅದರ ನಂತರದ್ದು. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದು ಟಪ್ ಅಂತ ಹೊರಗೆ ಬಂದರೆ 1961ಕ್ಕಿಂತ ಈಚಿನದಲ್ಲ. ಆ ವರ್ಷ ಕೈ ಹೋಗಿ ಮಿನುಗುವ ಇಂಡಿಕೇಟರ್ ಬಂತು. ನಮ್ಮಲ್ಲಿ ಇದೇ ಕಾರು ಬೇಬಿ ಹಿಂದೂಸ್ತಾನ್ ಅನ್ನುವ ಹೆಸರಲ್ಲಿ ಓಡಾಡಿತ್ತು. ಅಜ್ಜಂದಿರ ಮದುವೆ ಫೋಟೋದ ಮೂಲೆಯಲ್ಲಿ ದುಂಡಗಿನ ಪುಟ್ಟ ಕಾರು ಕಂಡರೆ ಬಾನೆಟ್ಟಿನ ಪಟ್ಟಿ ಹುಡುಕಿ.

ಈಗ ಎಲ್ಲರೂ ಮುಗ್ಗರಿಸುವ ಜಾಗಕ್ಕೆ ಬರೋಣ. 1952ರಲ್ಲಿ ಆಸ್ಟಿನ್ ಕಂಪನಿಯೂ ಮಾರಿಸ್‌ನ ಗುಂಪೂ ಸೇರಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಆಯಿತು. ಮಾರಿಸ್ ಗುಂಪಿನ ಜೊತೆಗೆ ವುಲ್ಸ್‌ಲಿ, ರೈಲಿ, ಎಂಜಿ ಹೆಸರುಗಳೂ ಬಂದವು. ಕಂಪನಿ ಒಂದಾಯಿತು, ಊರೂರಿನ ಡೀಲರುಗಳು ಒಂದಾಗಲಿಲ್ಲ. ಆಸ್ಟಿನ್ ಮಾರುವವನಿಗೆ ಆಸ್ಟಿನ್ನೇ ಬೇಕು, ಎದುರಂಗಡಿಯ ಮಾರಿಸ್‌ನವನಿಗೆ ಮಾರಿಸ್ಸೇ ಬೇಕು. ಅಷ್ಟು ಬೇರೆ ಬೇರೆ ಕಾರು ಮಾಡಲು ದುಡ್ಡು ಎಲ್ಲಿಂದ ಬರಬೇಕು? ಇಟಲಿಯ ಪಿನಿನ್‌ಫಾರಿನಾ ಅವರಿಂದ ಒಂದೇ ಬಾಡಿ ಬರೆಸಿದರು. ಅದಕ್ಕೆ ಐದು ಮುಖ ಅಂಟಿಸಿದರು. 1958ರ ಕೊನೆಗೆ ಮೊದಲು ವುಲ್ಸ್‌ಲಿ 15/60 ಬಂತು. ಅದರ ಹಿಂದೆಯೇ ಆಸ್ಟಿನ್ ಕೇಂಬ್ರಿಜ್, ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 5, ಎಂಜಿ ಮ್ಯಾಗ್ನೆಟ್, ರೈಲಿ 4/68. ಐದೂ ಒಂದೇ ಬಾಗಿಲು, ಒಂದೇ ಟಾಪು, ಹಿಂದೆ ರೆಕ್ಕೆಯ ಥರ ಮೊನೆ.

ಅಂದರೆ ಆಕ್ಸ್‌ಫರ್ಡ್ ಅನ್ನುವ ಹೆಸರು ಕೇಳಿದ ಮಾತ್ರಕ್ಕೆ ಅಂಬಾಸಿಡರಿನ ಅಣ್ಣ ಅಂದುಕೊಳ್ಳಬೇಡಿ. ಸೀರೀಸ್ 3 ಗುಂಡುಗುಂಡು, ಸೀರೀಸ್ 5 ಚೌಕ. ಹೆಸರು ಒಂದೇ, ಮನೆತನ ಬೇರೆ.

ಈ ಐವರನ್ನು ಬೇರೆ ಮಾಡುವುದು ಹೇಗೆ? ಮೊದಲು ನಡು ನೋಡಿ "ಇದು ಫಾರಿನಾ ಮನೆಯದು" ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮುಖಕ್ಕೆ ಬನ್ನಿ. ಗ್ರಿಲ್ ಅಗಲಕ್ಕೆ ಹರಡಿದ್ದರೆ ಆಸ್ಟಿನ್ ಅಥವಾ ಮಾರಿಸ್, ಸಾಮಾನ್ಯರ ಕಾರುಗಳು. ನಡುವೆ ಉದ್ದಕ್ಕೆ ನಿಂತ ಹಳೆಗಾಲದ ರೇಡಿಯೇಟರ್ ಆಕಾರ ಇದ್ದರೆ ಉಳಿದ ಮೂವರಲ್ಲಿ ಒಂದು, ಸ್ವಲ್ಪ ಠೀವಿಯವರಿಗೆ. ಎಂಟು ಮೂಲೆಯ ಲಾಂಛನ ಎಂಜಿಯದು. ವುಲ್ಸ್‌ಲಿಯ ಗುರುತು ಇನ್ನೂ ಸುಲಭ, ಅದೂ ರಾತ್ರಿ ದೃಶ್ಯದಲ್ಲಿ. ಅದರ ಗ್ರಿಲ್ಲಿನ ಮೇಲಿನ ಲಾಂಛನದ ಒಳಗೆ ಬಲ್ಬು ಇರುತ್ತದೆ! ಲೈಟು ಹಾಕಿದರೆ ಹೆಸರೂ ಬೆಳಗುತ್ತದೆ. 1930ರ ದಶಕದಿಂದ ಬಂದ ಪದ್ಧತಿ ಅದು. ಹಳೆ ಪತ್ತೇದಾರಿ ಚಿತ್ರಗಳಲ್ಲಿ ಗಂಟೆ ಬಾರಿಸುತ್ತಾ ಬರುವ ಕಪ್ಪು ಪೊಲೀಸ್ ಕಾರು ಎಷ್ಟೋ ಸಲ ವುಲ್ಸ್‌ಲಿ 6/80. ಕತ್ತಲಲ್ಲಿ ಎರಡು ಹೆಡ್‌ಲೈಟಿನ ಮಧ್ಯೆ ಪುಟ್ಟ ಬೆಳಕಿನ ಚುಕ್ಕಿ ಕಂಡರೆ ಕಳ್ಳನಿಗೂ ಗೊತ್ತು, ನಮಗೂ ಗೊತ್ತು.

ಒಂದು ಎಚ್ಚರಿಕೆ. ಫ್ರಾನ್ಸಿನ ಪಿಯುಜೊ 404 ಕೂಡ ಅದೇ ಪಿನಿನ್‌ಫಾರಿನಾ ಕೈಯದು. ಪಕ್ಕದಿಂದ ನೋಡಿದರೆ ಈ ಐವರ ದಾಯಾದಿಯ ಹಾಗೇ ಇರುತ್ತದೆ. ಸ್ಟೇರಿಂಗ್ ಎಡಗಡೆ ಇದೆಯಾ ನೋಡಿಕೊಳ್ಳಿ.

ಬಿಎಂಸಿಯವರು ಅಲ್ಲಿಗೆ ನಿಲ್ಲಿಸಲಿಲ್ಲ. 1962ರಲ್ಲಿ ಬಂದ 1100 ಅನ್ನುವ ಚಿಕ್ಕ ಕಾರಿಗೆ ಕ್ರಮೇಣ ಆರು ಹೆಸರು ಕೊಟ್ಟರು. ಮಿನಿಗೇ ಡಿಕ್ಕಿ ಜೋಡಿಸಿ ರೈಲಿ ಎಲ್ಫ್, ವುಲ್ಸ್‌ಲಿ ಹಾರ್ನೆಟ್ ಅಂತ ಮಾರಿದರು. ನೋಡಿದರೆ ನಗು ಬರುತ್ತದೆ, ಪುಟ್ಟ ಹುಡುಗನಿಗೆ ಅಜ್ಜನ ಕೋಟು ತೊಡಿಸಿದ ಹಾಗೆ.

ಫೋರ್ಡ್ ಕಡೆ ಬಂದರೆ ಕೆಲಸ ಸಲೀಸು, ಹಿಂದಿನ ಕಂಬ, ಅಂದರೆ ಹಿಂದಿನ ಗಾಜಿನ ಪಕ್ಕದಲ್ಲಿ ಟಾಪನ್ನು ಹೊತ್ತ ಭಾಗ, ನೋಡಿದರೆ ಸಾಕು. ಹ್ಯಾರಿ ಪಾಟರ್ ಚಿತ್ರದಲ್ಲಿ ಹಾರುವ ಆಕಾಶ ಬಣ್ಣದ ಕಾರು ನೆನಪಿದೆಯಾ? ಅದು ಫೋರ್ಡ್ ಆಂಗ್ಲಿಯಾ 105ಇ, 1959ರಿಂದ 1967ರ ತನಕ ತಯಾರಾಯಿತು. ಅದರ ಹಿಂದಿನ ಗಾಜು ಉಲ್ಟಾ. ಹೆಚ್ಚಿನ ಕಾರುಗಳಲ್ಲಿ ಗಾಜು ಡಿಕ್ಕಿಯ ಕಡೆಗೆ ಇಳಿಜಾರಾದರೆ, ಇದರಲ್ಲಿ ಒಳಮುಖವಾಗಿ ಬಾಗಿದೆ. ಮಳೆನೀರು ಗಾಜಿನ ಮೇಲೆ ನಿಲ್ಲುವುದಿಲ್ಲ, ಹಿಂದೆ ಕೂತವರ ತಲೆಗೂ ಜಾಗ. ಇದೇ ಉಲ್ಟಾ ಗಾಜು ಇದ್ದು ಮುಂದೆ ನಾಲ್ಕು ಹೆಡ್‌ಲೈಟ್ ಇದ್ದರೆ ಫೋರ್ಡ್ ಕಾನ್ಸಲ್ ಕ್ಲಾಸಿಕ್. ಕಾರ್ಟಿನಾದ ಮೊದಲ ಮಾದರಿಯನ್ನು ದುಂಡಗಿನ ಹಿಂದಿನ ಲೈಟು ಹೇಳಿಕೊಡುತ್ತದೆ, ಮೂರು ಹೋಳಾದ ಚಕ್ರದ ಹಾಗಿದೆ. ಹಿಂದಿನ ಕಂಬದ ಮೇಲೆ ಗಾಳಿ ಹೋಗುವ ಜಾಲರಿ ಇದ್ದರೆ 1964ರ ಕೊನೆಯಿಂದ ಈಚಿನದು.

ಜಾಗ್ವಾರಿಗೆ ಸ್ವಲ್ಪ ತಾಳ್ಮೆ ಬೇಕು. ಪತ್ತೇದಾರಿ ಧಾರಾವಾಹಿಗಳಲ್ಲಿ ಒಳ್ಳೆಯವರೂ ಕೆಟ್ಟವರೂ ಓಡಿಸುವ ಕಾರು ಇದು. 1987ರಿಂದ 2000ದ ತನಕ ಬಂದ ಇನ್ಸ್‌ಪೆಕ್ಟರ್ ಮೋರ್ಸ್ ಧಾರಾವಾಹಿಯ ಕೆಂಪು ಕಾರು ಜಾಗ್ವಾರ್ ಮಾರ್ಕ್ 2. (ಮೂಲ ಕಾದಂಬರಿಗಳಲ್ಲಿ ಮೋರ್ಸ್ ಮೊದಲು ಓಡಿಸುತ್ತಿದ್ದದ್ದು ಇಟಲಿಯ ಲ್ಯಾನ್ಸಿಯಾ. ಟಿವಿಯ ಜಾಗ್ವಾರ್ ಎಷ್ಟು ಹಿಡಿಸಿತೆಂದರೆ ಕೊನೆಗೆ ಪುಸ್ತಕದಲ್ಲೂ ಕಾರು ಬದಲಾಯಿತು.) ಇದರ ಹಿಂದಿನ ಕಾರನ್ನು ಈಗ ಮಾರ್ಕ್ 1 ಅನ್ನುತ್ತಾರೆ. ಮಾರ್ಕ್ 2 ಬಂದ ಮೇಲೆ ಅಂಟಿದ ಹೆಸರು ಅದು. ಎರಡರ ಮೂತಿಯೂ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ನಡುವಿನಲ್ಲಿದೆ. ಮಾರ್ಕ್ 1ರ ಕಿಟಕಿಯ ಚೌಕಟ್ಟು ದಪ್ಪ, ಗಾಜು ಚಿಕ್ಕದು, ಒಳಗೆ ಕತ್ತಲೆ. 1959ರಲ್ಲಿ ಬಂದ ಮಾರ್ಕ್ 2ರಲ್ಲಿ ಚೌಕಟ್ಟು ತೆಳು ಕ್ರೋಮ್, ಗಾಜು ದೊಡ್ಡದು, ಬೆಳಕೋ ಬೆಳಕು. ಡಿಕ್ಕಿ ಉದ್ದವಾಗಿ, ಹೆಡ್‌ಲೈಟಿನ ಮೇಲೆ ಹುಬ್ಬಿನಂಥ ಮುಚ್ಚಿಗೆ ಇದ್ದರೆ ಅದು 1963ರ ಎಸ್ ಟೈಪ್. ಎಲ್ಲ ಮಾರ್ಕ್ 2ರ ಹಾಗೇ ಇದ್ದು ಬಂಪರ್ ಮಾತ್ರ ತೆಳ್ಳಗಿದ್ದರೆ 1967ರಿಂದ ಬಂದ 240 ಅಥವಾ 340. ಗ್ರಿಲ್ಲಿನ ಮೇಲಂಚು ಅಲೆಅಲೆಯಾಗಿ ಮಡಿಸಿದಂತಿದ್ದರೆ ಅದು ಡೈಮ್ಲರ್, ಜಾಗ್ವಾರಿನ ಮೈ, ಬೇರೆ ಎಂಜಿನ್.

ಇನ್ನು ಹುಟ್ಟಿದ ವರ್ಷ. ಬ್ರಿಟನ್ನಿನ ನಂಬರ್ ಪ್ಲೇಟು ಓದಲು ಬಂದರೆ ಪಂಚಾಂಗ ಓದಿದ ಹಾಗೆ. 1932ರ ತನಕ ಮೊದಲು ಒಂದೋ ಎರಡೋ ಅಕ್ಷರ, ಆಮೇಲೆ ಅಂಕಿ. ಆ ಸಂಖ್ಯೆಗಳು ಮುಗಿಯುತ್ತಾ ಬಂದ ಕಡೆಗಳಲ್ಲಿ ಮೂರು ಅಕ್ಷರ ಮೂರು ಅಂಕಿ ಶುರುವಾಯಿತು. ಅದೂ ಮುಗಿಯುತ್ತಾ ಬಂದಾಗ, 1953ರಿಂದ, ಸುಮ್ನೆ ತಿರುಗಿಸಿಬಿಟ್ಟರು. ಅಂಕಿ ಮೊದಲು, ಅಕ್ಷರ ಆಮೇಲೆ. ಹಾರುವ ಆಂಗ್ಲಿಯಾದ ನಂಬರ್ 7990 ಟಿಡಿ, ಅಂಥದ್ದೇ ತಿರುಗಿಸಿದ ನಂಬರು. ಟಿಡಿ ಅಂದರೆ ಲ್ಯಾಂಕಶೈರ್. ಮೋರ್ಸ್ ಕಾರಿನದು 248 ಆರ್‌ಪಿಎ. ಮೂರು ಅಕ್ಷರ ಇದ್ದಾಗ ಊರು ಹೇಳುವುದು ಕೊನೆಯ ಎರಡು, ಪಿಎ ಅಂದರೆ ಸರ್ರಿ.

1963ರಿಂದ ನಿಜವಾದ ಅನುಕೂಲ. ಕೊನೆಗೆ ವರ್ಷದ ಅಕ್ಷರ ಬಂತು. ಎ ಅಂದರೆ 1963, ಬಿ 1964. ಮೊದಲೆರಡು ವರ್ಷ ಎಲ್ಲ ಕಡೆ ಹಾಕಲಿಲ್ಲ, 1965ರ ಸಿ ಅಕ್ಷರದಿಂದ ಕಡ್ಡಾಯ. ಇ ಅಕ್ಷರದ ಆಯುಸ್ಸು ಏಳೇ ತಿಂಗಳು. ಕಾರು ಮಾರುವವರ ಒತ್ತಾಯಕ್ಕೆ 1967ರಲ್ಲಿ ಅಕ್ಷರ ಬದಲಾಗುವ ದಿನವನ್ನು ಜನವರಿಯಿಂದ ಆಗಸ್ಟ್ 1ಕ್ಕೆ ತಂದರು. ಆಮೇಲೆ ಆಗಸ್ಟಿನಿಂದ ಜುಲೈಗೆ ಒಂದು ಅಕ್ಷರ. ಐ, ಒ, ಕ್ಯೂ, ಯು, ಝಡ್ ಬಿಟ್ಟರು. 1983ರ ಜುಲೈಗೆ ವೈ ಮುಗಿದು, ಆಮೇಲೆ ವರ್ಷದ ಅಕ್ಷರ ನಂಬರಿನ ಶುರುವಿಗೆ ಹೋಯಿತು.

ಇದನ್ನು ಮಿಸ್ಟರ್ ಬೀನ್ ಮೇಲೆ ಪ್ರಯೋಗ ಮಾಡಿ. ಬಾಗಿಲಿಗೆ ಬೀಗ ಜಡಿದು, ಸ್ಟೇರಿಂಗ್ ಕಿತ್ತುಕೊಂಡು ಹೋಗುತ್ತಾನಲ್ಲ, ಆ ಹಸಿರು ಮಿನಿ. ನಡು ನೋಡಿದರೆ ಮಿನಿ ಅಂತ ಮಗುವಿಗೂ ಗೊತ್ತು. ಆದರೆ 1959ರಿಂದ 2000ದ ತನಕ ತಯಾರಾದ ಕಾರು, ಯಾವ ಕಾಲದ್ದು? ಮೊದಲ ಮಿನಿಗಳ ಬಾಗಿಲ ಕೀಲು ಹೊರಗೇ ಕಾಣುತ್ತಿತ್ತು, ಗಾಜು ಪಕ್ಕಕ್ಕೆ ಜಾರುತ್ತಿತ್ತು. ಬೀನ್ ಕಾರಿನಲ್ಲಿ ಕೀಲು ಒಳಗಿದೆ, ಗಾಜು ಕೆಳಗೆ ಇಳಿಯುತ್ತದೆ. ಹಾಗಾಗಿ 1969ರಿಂದ ಈಚಿನದು. ಈಗ ಪ್ಲೇಟು: ಎಸ್‌ಎಲ್‌ಡಬ್ಲ್ಯು 287 ಆರ್. ಎಲ್‌ಡಬ್ಲ್ಯು ಅಂದರೆ ಲಂಡನ್. ಆರ್ ಅಂದರೆ 1976ರ ಆಗಸ್ಟಿನಿಂದ 1977ರ ಜುಲೈ. ಮುಗೀತು.

ಕಪ್ಪು ಬಿಳುಪಿನಲ್ಲಿ ಪ್ಲೇಟಿನ ಬಣ್ಣವೂ ಸಾಕ್ಷಿ. ಹಳೆಯದು ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. 1973ರಿಂದ ಹೊಸ ಕಾರುಗಳಿಗೆ ಹೊಳೆಯುವ ಪ್ಲೇಟು ಕಡ್ಡಾಯವಾಯಿತು, ಮುಂದೆ ಬಿಳಿ, ಹಿಂದೆ ಹಳದಿ. ಪ್ಲೇಟು ಸುಳ್ಳು ಹೇಳುವುದಿಲ್ಲ ಅಂತಲ್ಲ. ಬ್ರಿಟನ್ನಿನಲ್ಲಿ ದುಡ್ಡು ಕೊಟ್ಟು ಹಳೆ ನಂಬರನ್ನು ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು. ಕಾರನ್ನು ಅದರ ವಯಸ್ಸಿಗಿಂತ ಹೊಸದಾಗಿ ತೋರಿಸುವ ನಂಬರ್ ಮಾತ್ರ ಹಾಕುವಂತಿಲ್ಲ. ಸಿನಿಮಾದವರಿಗಂತೂ ಶೂಟಿಂಗಿಗೆ ಸುಳ್ಳು ಪ್ಲೇಟು ದೊಡ್ಡ ವಿಷಯವಲ್ಲ. ಅದಕ್ಕೇ ಅದು ಕೊನೆಯ ಸಾಕ್ಷಿ.

ಸಿನಿಮಾದವರ ಇನ್ನೊಂದು ಕೈಚಳಕ ಪ್ರಪಾತದ ದೃಶ್ಯ. ಕಾರು ಬೀಳಿಸುವುದು ದುಬಾರಿ. ಹಾಗಾಗಿ 1960ರ ದಶಕದ ಬ್ರಿಟಿಷ್ ಸಾಹಸ ಧಾರಾವಾಹಿಗಳಲ್ಲಿ ಒಂದೇ ಬಿಳಿ ಜಾಗ್ವಾರ್ ಮತ್ತೆ ಮತ್ತೆ ಬಂಡೆಯ ಮೇಲಿಂದ ಹಾರುತ್ತದೆ. ಒಮ್ಮೆ ತೆಗೆದ ತುಣುಕನ್ನೇ ಬೇರೆ ಬೇರೆ ಕಥೆಗೆ ಅಂಟಿಸಿದ್ದರು. ಯಾರಾದರೂ ಬಿಳಿ ಜಾಗ್ವಾರ್ ಹತ್ತಿದರೆ ನೋಡುಗರಿಗೆ ಅವನ ಗತಿ ಗೊತ್ತಾಗಿಬಿಡುತ್ತಿತ್ತು. ಬೀಳುವ ಮುಂಚಿನ ಶಾಟಿನ ಕಿಟಕಿ ಚೌಕಟ್ಟನ್ನೂ ಬೀಳುವಾಗಿನದನ್ನೂ ಹೋಲಿಸುವುದು ಒಳ್ಳೆ ಮನರಂಜನೆ.

ಬ್ರಿಟಿಷ್ ಕಾರು ಕಂಡಕೂಡಲೇ ಬ್ರಿಟನ್ ಅಂತಲೂ ಅಲ್ಲ. ಬೆಂಗಳೂರಿನ ಚಿತ್ರೋತ್ಸವದಲ್ಲಿ ಇರಾನಿ ಸಿನಿಮಾ ನೋಡಿದವರಿಗೆ ಟೆಹ್ರಾನಿನ ಬೀದಿ ತುಂಬ ಓಡುವ ಚೌಕ ಕಾರು ಪರಿಚಯ ಇರಬೇಕು. ಅದು ಪೈಕಾನ್, ಅಂದರೆ ಬ್ರಿಟನ್ನಿನ ಹಿಲ್‌ಮನ್ ಹಂಟರ್. ಸ್ಟೇರಿಂಗ್ ಎಡಕ್ಕೆ. 1967ರಿಂದ 2005ರ ತನಕ ಅಲ್ಲೇ ತಯಾರಾಯಿತು, ಅವರ ಅಂಬಾಸಿಡರ್ ಅನ್ನಿ. ನಮ್ಮ ಕಾಂಟೆಸ್ಸಾ ವಾಕ್ಸ್‌ಹಾಲ್ ವಿಕ್ಟರಿನ ಮೈ. ಹೆರಾಲ್ಡ್ ಕಥೆ ಇನ್ನೂ ಚೆಂದ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಸಲೂನಿಗೆ ಎರಡೇ ಬಾಗಿಲು. ಮದ್ರಾಸಿನಲ್ಲಿ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಮಾಡಿದರು, ಆಮೇಲೆ ಇಲ್ಲಿನ ಕುಟುಂಬಗಳಿಗಾಗಿ ನಾಲ್ಕು ಬಾಗಿಲಿನದನ್ನೂ ತಂದರು. ತೆರೆಯ ಮೇಲೆ ನಾಲ್ಕು ಬಾಗಿಲಿನ ಹೆರಾಲ್ಡ್ ಕಂಡರೆ ಅದು ಭಾರತದ ಗಾಡಿ, ಎರಡನೇ ಮಾತಿಲ್ಲ. ಹಳೆ ಚಿತ್ರಗಳ ಫಿಯೆಟ್ಟು ಮಾತ್ರ ಈ ಲೆಕ್ಕಕ್ಕೆ ಸೇರದು, ಅದು ಇಟಲಿಯದು.

ಮೊನ್ನೆ ಚಿಕ್ಕಪ್ಪನ ಜೊತೆ ಹಳೆ ಕನ್ನಡ ಚಿತ್ರ ನೋಡುತ್ತಿದ್ದೆ. ಕಥೆ ಮೈಸೂರಿನದು. ಸಾಹುಕಾರರ ಬಂಗಲೆ ಮುಂದೆ ಅಂಬಾಸಿಡರಿನ ಅಣ್ಣ ಲ್ಯಾಂಡ್‌ಮಾಸ್ಟರ್ ನಿಂತಿತ್ತು. ಬಾನೆಟ್ಟು ನುಣುಪು, ಹಿಂಭಾಗ ದುಂಡು, ರೆಕ್ಕೆ ಇಲ್ಲ. ಹೆಸರು ಹೇಳುವುದರಲ್ಲಿ ಈ ಸಲ ಚಿಕ್ಕಪ್ಪ ತಪ್ಪಲಿಲ್ಲ. ಆಮೇಲೆ ಅವರೇ ರಿಮೋಟ್ ಕಸಿದುಕೊಂಡು ಪಾಜ್ ಒತ್ತಿದರು. ಮೈಸೂರಿನ ಗಾಡಿಯಾದರೆ ನಂಬರು ಎಂವೈ ಅಂತ ಶುರುವಾಗಬೇಕು. ಪ್ಲೇಟಿನಲ್ಲಿ ಇದ್ದದ್ದು ಎಂಎಸ್. ಆ ಕಾಲದ ಎಷ್ಟೋ ಕನ್ನಡ ಚಿತ್ರಗಳು ತಯಾರಾದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ, ಕಾರೂ ಅಲ್ಲಿಯದೇ.

"ಸಾಹುಕಾರ ಮೈಸೂರಿನವನಂತೆ, ಗಾಡಿ ಮದ್ರಾಸಿಂದು" ಅಂದು ಚಿಕ್ಕಪ್ಪ ಪ್ಲೇ ಒತ್ತಿದರು.